ವಿವಾಹ ಮಂಗಲವೂ ಇಚ್ಛಾಪರಿಮಾಣ ವ್ರತವೂ



ಕಳೆದ ಭಾದ್ರಪದದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ ನಮ್ಮ ಬಸದಿಯಲ್ಲಿ ಉತ್ತಮ ಆಕಿಂಚನ್ಯ ಧರ್ಮವನ್ನು ಕುರಿತು ಪ್ರವಚನ ನಡೆಯಿತು. ಆತ್ಮನಿಗೆ ತನ್ನ ಜ್ಞಾನದರ್ಶನಗಳ ಹೊರತಾಗಿ ತನ್ನದೆಂದು ಹೇಳಿಕೊಳ್ಳಲು ಈ ಲೋಕದಲ್ಲಿ ಏನೂ ಇಲ್ಲವೆಂಬುದನ್ನು ನಾನು ಒಂದು ಗಂಟೆಯ ಕಾಲ ವಿಸ್ತರಿಸಿ ಹೇಳಿದೆ. ಕೇಳಿದವರು ತಲೆದೂಗಿದರು. ಎಲ್ಲರೂ ಎದ್ದುಹೋದ ಬಳಿಕ ಒಬ್ಬ ಶ್ರಾವಕರು ಮಾತ್ರ ನವರಂಗದ ಕಂಬಕ್ಕೊರಗಿ ಕುಳಿತೇ ಇದ್ದರು. ಅವರು ನಾಲ್ಕು ಎಕರೆಯ ಒಕ್ಕಲಿಗರು. ಇಪ್ಪತ್ತು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಒಮ್ಮೆಯೂ ತಪ್ಪಿಸದವರು. ಹತ್ತಿರ ಬಂದು, ಅಂಗಿಯ ಕಿಸೆಯಿಂದ ಒಂದು ಚಿಕ್ಕ ನೋಟುಬುಕ್ಕನ್ನು ತೆಗೆದು ನನ್ನ ಮುಂದಿಟ್ಟರು.

ಅದು ಮಗಳ ಮದುವೆಯ ಖರ್ಚಿನ ಪಟ್ಟಿ. ಮಂಗಲ ಕಾರ್ಯಾಲಯದ ಬಾಡಿಗೆ, ಹಂದರದ ಅಲಂಕಾರ, ಅಡುಗೆಯ ಗುತ್ತಿಗೆ, ಐದು ತೊಲೆ ಬಂಗಾರ, ಬೀಗರ ಕಡೆಯವರಿಗೆ ಬಟ್ಟೆ, ಬ್ಯಾಂಡು, ರಾತ್ರಿಯ ಆರತಕ್ಷತೆ. ಮೊತ್ತ 11 ಲಕ್ಷ ರೂಪಾಯಿ. ಅವರ ಕೈಯಲ್ಲಿದ್ದ ಉಳಿತಾಯ 3 ಲಕ್ಷ. ಉಳಿದದ್ದಕ್ಕೆ ಪತ್ತಿನ ಸಂಘದ ಸಾಲ; ಅದಕ್ಕೂ ಮೀರಿದ್ದಕ್ಕೆ ಎರಡು ಎಕರೆ ಹೊಲದ ಅಡವು.

'ಪಂಡಿತರೇ, ಮದುವೆ ನಿರ್ವಿಘ್ನವಾಗಿ ಆಗಲೆಂದು ಒಂದು ನೋಂಪಿ ಹಿಡಿಯಬೇಕೆಂದಿದ್ದೇನೆ. ಯಾವುದನ್ನು ಹಿಡಿಯಲಿ, ಹೇಳಿರಿ' ಎಂದರು.

ನನ್ನದೆಂಬುದು ಏನೂ ಇಲ್ಲವೆಂದು ಈಗಷ್ಟೇ ಸಾರಿದ ನನ್ನ ಬಾಯಿಗೆ ಉತ್ತರ ಬರಲಿಲ್ಲ. 'ಈ ಪುಸ್ತಕವನ್ನು ಎರಡು ದಿನ ನನ್ನಲ್ಲಿ ಬಿಡಿರಿ, ಅನಂತ ಚತುರ್ದಶಿ ಕಳೆದ ಮೇಲೆ ಹೇಳುತ್ತೇನೆ' ಎಂದೆ. ಆ ಎರಡು ದಿನ ವಿಚಾರಿಸಿ ಅವರಿಗೆ ಹೇಳಿದ ಮಾತುಗಳನ್ನೇ ಇಂದು ನಿಮ್ಮೆದುರು ಇಡುತ್ತಿದ್ದೇನೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಚಾತುರ್ಮಾಸ ಮುಗಿಯುತ್ತಲೇ ನಮ್ಮ ಎಷ್ಟೋ ಮನೆಗಳಲ್ಲಿ ಇಂತಹ ಪುಸ್ತಕಗಳು ತೆರೆದುಕೊಳ್ಳುತ್ತವೆ.

ಮೊದಲನೆಯದಾಗಿ, ವಿವಾಹಕ್ಕೆ ನಮ್ಮ ಶಾಸ್ತ್ರದಲ್ಲಿರುವ ಸ್ಥಾನವನ್ನು ನೋಡೋಣ. ಭಗವಜ್ಜಿನಸೇನಾಚಾರ್ಯರು ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ವಿವಾಹವು 17ನೆಯದು. ಅದರ ಹಿಂದಿನದು ವ್ರತಾವತರಣ ಕ್ರಿಯೆ. ವಿದ್ಯಾರ್ಥಿದಶೆಯ ವಿಶೇಷ ನಿಯಮಗಳನ್ನು ಗುರುಸಾಕ್ಷಿಯಾಗಿ ಇಳಿಸಿದ ಮೇಲೆಯೂ, ಹಿಂಸಾದಿಗಳ ತ್ಯಾಗ, ಮದ್ಯ ಮಾಂಸ ಮಧುಗಳ ತ್ಯಾಗ ಮೊದಲಾದ ಮೂಲ ನಿಯಮಗಳು ಜೀವನಪರ್ಯಂತ ಉಳಿಯುತ್ತವೆಂದು ಆಚಾರ್ಯರು ಅಲ್ಲಿ ಸ್ಪಷ್ಟಪಡಿಸಿದ್ದಾರೆ. ಅಂದರೆ, ಹಸೆಮಣೆಗೆ ಬರುವವನು ವ್ರತವನ್ನು ಬಿಟ್ಟು ಬರುವವನಲ್ಲ, ಹೊತ್ತು ಬರುವವನು. ಮದುವೆಯು ವ್ರತಗಳ ಮಧ್ಯದಲ್ಲಿ ನಡೆಯುವ ಕ್ರಿಯೆಯೇ ಹೊರತು ವ್ರತಗಳಿಗೆ ದೊರೆತ ರಜೆಯಲ್ಲ. ಆದರೆ ನಾವು ಮಾಡುತ್ತಿರುವುದೇನು? ವರ್ಷವಿಡೀ ನೀರು ಸೋಸಿ ಕುಡಿಯುತ್ತೇವೆ, ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇವೆ, ಗಡ್ಡೆಗೆಣಸುಗಳನ್ನು ವರ್ಜಿಸುತ್ತೇವೆ. ಮದುವೆಯ ಆ ಎರಡು ದಿನ ಮಾತ್ರ 'ನಾಲ್ಕು ಜನ ಏನೆಂದಾರು' ಎಂಬ ಐದನೆಯವನ ಮಾತಿಗೆ ಎಲ್ಲವನ್ನೂ ಒಪ್ಪಿಸಿಬಿಡುತ್ತೇವೆ.

ಇನ್ನು ಪರಿಗ್ರಹದ ವಿಚಾರ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಮೈಮರೆಸುವ ಮೂರ್ಛೆ ಎಂದಿದ್ದಾರೆ. ಗೃಹಸ್ಥನಿಗೆ ಆ ಮೂರ್ಛೆಯನ್ನು ಒಮ್ಮೆಲೇ ಬಿಡಲಾಗದು. ಆದುದರಿಂದ ಅವನಿಗೆ ಅಣುವ್ರತ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಕುಪ್ಯ ಇವುಗಳಿಗೆ ತಾನೇ ಒಂದು ಅಳತೆಯನ್ನು ಹಾಕಿಕೊಳ್ಳುವುದು. ಕುಪ್ಯವೆಂದರೇನು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆ, ಚಂದನ ಮೊದಲಾದುವನ್ನು ಕುಪ್ಯವೆಂದು ಹೆಸರಿಸಿದ್ದಾರೆ. ಬಂಗಾರ, ರೇಷ್ಮೆ, ಚಂದನ ಎಂದು ಓದುವಾಗ ನಮ್ಮ ಮದುವೆಯ ಪಟ್ಟಿಯನ್ನೇ ಓದಿದಂತಾಗುವುದಿಲ್ಲವೇ?

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇನ್ನೊಂದು ಹೆಸರನ್ನೂ ಹೇಳಿದ್ದಾರೆ: ಇಚ್ಛಾಪರಿಮಾಣ. ಅಳತೆ ಹಾಕಬೇಕಾದದ್ದು ಬರಿಯ ಪೆಟ್ಟಿಗೆಗೆ ಅಲ್ಲ, ಇಚ್ಛೆಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಳತೆಯನ್ನು ಮೊದಲೇ ಹಾಕಿದರೆ ಅದು ವ್ರತ. ಎಲ್ಲ ಮುಗಿದ ಮೇಲೆ ಕೂಡಿಸಿ ನೋಡಿದರೆ ಅದು ಬರಿಯ ಲೆಕ್ಕ. ಆ ಶ್ರಾವಕರ ಪುಸ್ತಕದಲ್ಲಿ ಪ್ರತಿಯೊಂದು ವಸ್ತುವಿನ ಬೆಲೆಯಿತ್ತು. 'ಇಲ್ಲಿಗೆ ಸಾಕು' ಎಂಬ ಒಂದು ಗೆರೆ ಮಾತ್ರ ಎಲ್ಲಿಯೂ ಇರಲಿಲ್ಲ. ಅಂದಾಜು ಪಟ್ಟಿಯು 'ಎಷ್ಟಾದೀತು' ಎಂದು ಕೇಳುತ್ತದೆ. ವ್ರತವು 'ಎಲ್ಲಿ ನಿಲ್ಲಲಿ' ಎಂದು ಕೇಳುತ್ತದೆ.

ಗೆರೆಯಿಲ್ಲದ ಇಚ್ಛೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಸಮಂತಭದ್ರರು ಹೆಸರಿಸುವ ಶ್ಮಶ್ರುನವನೀತನ ಕಥೆಯೇ ಸಾಕ್ಷಿ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡ ಒಬ್ಬನಿಗೆ ಅದನ್ನು ಕೂಡಿಸುವ ಆಸೆ ಹುಟ್ಟಿತು. ದಿನದಿನವೂ ಕೂಡಿಸಿ ಕೂಡಿಸಿ ಒಂದು ಗಡಿಗೆಯಷ್ಟು ತುಪ್ಪವಾಯಿತು. ಚಳಿಗಾಲದ ಒಂದು ರಾತ್ರಿ ಕಾಲ ಬಳಿಯಲ್ಲಿ ಬೆಂಕಿ ಮಾಡಿಕೊಂಡು, ಗಡಿಗೆಯನ್ನೂ ಅಲ್ಲಿಯೇ ಇಟ್ಟುಕೊಂಡು ಮಲಗಿದ. ತುಪ್ಪ ಮಾರುವೆ, ವ್ಯಾಪಾರಿಯಾಗುವೆ, ಸಾಮಂತನಾಗುವೆ, ರಾಜನಾಗುವೆ, ಚಕ್ರವರ್ತಿಯಾಗುವೆ ಎಂದು ಮನಸ್ಸು ಏರುತ್ತ ಹೋಯಿತು. ಏಳು ಉಪ್ಪರಿಗೆಯ ಅರಮನೆಯಲ್ಲಿ ರಾಣಿಯು ಕಾಲೊತ್ತುತ್ತಿರುವಂತೆ ಕಂಡಿತು. 'ನಿನಗೆ ಕಾಲೊತ್ತಲು ಬಾರದು' ಎಂದು ಪ್ರೀತಿಯಿಂದ ಕಾಲು ಝಾಡಿಸಿದ. ಗಡಿಗೆ ಉರುಳಿ ತುಪ್ಪ ಬೆಂಕಿಗೆ ಬಿತ್ತು. ಗುಡಿಸಲೂ ಅವನೂ ಉರಿದುಹೋದರು. ಗಮನಿಸಿರಿ, ಅವನಲ್ಲಿದ್ದದ್ದು ಒಂದು ಗಡಿಗೆ ತುಪ್ಪ ಮಾತ್ರ. ಅಲ್ಪ ಪರಿಗ್ರಹದವನೂ ಇಚ್ಛೆಯಲ್ಲಿ ಚಕ್ರವರ್ತಿಯಾಗಿರಬಹುದು. 3 ಲಕ್ಷದ ಗಡಿಗೆಯ ಬಳಿ ಮಲಗಿ 11 ಲಕ್ಷದ ಅರಮನೆಯನ್ನು ಕಾಣುವ ನಾವು ಆ ಬಡವನನ್ನು ನೋಡಿ ನಗುವಂತಿಲ್ಲ.

ಇಂತಹ ಇಚ್ಛೆ ಹುಟ್ಟುವುದೆಲ್ಲಿಂದ? ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳಲ್ಲಿ ಒಂದರ ಹೆಸರು ವಿಸ್ಮಯ. ಪರರ ಐಶ್ವರ್ಯವನ್ನು ಕಂಡು ಬೆರಗಾಗುವುದು. ಬೆರಗಾಗುವುದೂ ಒಂದು ದೋಷವೇ ಎಂದು ಕೇಳಬಹುದು. ಆ ಪುಸ್ತಕದ ಹಾಳೆಗಳನ್ನು ತಿರುವಿದಾಗ ನನಗೆ ಅದರ ಅರ್ಥವಾಯಿತು. ಹಂದರದ ಅಲಂಕಾರ ಅವರ ಷಡ್ಡಕನ ಮಗಳ ಮದುವೆಯಲ್ಲಿ ಕಂಡದ್ದು. ಆರತಕ್ಷತೆ ಪೇಟೆಯ ವ್ಯಾಪಾರಿಯ ಮನೆಯಲ್ಲಿ ಕಂಡದ್ದು. ಐದು ತೊಲೆಯ ಲೆಕ್ಕ ಪಕ್ಕದ ಓಣಿಯದು. ಈಗಂತೂ ಪರರ ಮದುವೆಯ ಚಿತ್ರಗಳು ಅಂಗೈಯಲ್ಲಿನ ಫೋನಿಗೇ ಬಂದು ಬೀಳುತ್ತವೆ. ಬೆರಗಾಗಲು ಮನೆ ಬಿಟ್ಟು ಹೋಗಬೇಕಾಗಿಯೂ ಇಲ್ಲ. 11 ಲಕ್ಷದ ಆ ಪಟ್ಟಿಯಲ್ಲಿ ಆ ಮನೆಯ ಸ್ವಂತ ಅವಶ್ಯಕತೆಯೆಂದು ತೋರಿದ್ದು ಬಹಳ ಕಡಿಮೆ. ಉಳಿದುದೆಲ್ಲ ಬೆರಗಿನ ಬೆಲೆ.

ಸಾಲವಾದರೂ ಮದುವೆಯ ದಿನಕ್ಕೆ ಮುಗಿಯುವಂಥದ್ದಲ್ಲ. ಕಂತು ಕಟ್ಟುವ ದಿನ ಹತ್ತಿರ ಬಂದಂತೆ ಮನೆಯ ಯಜಮಾನನ ಮನಸ್ಸು ಅನಿಷ್ಟಸಂಯೋಗದ ಆರ್ತಧ್ಯಾನದಲ್ಲಿ ಮುಳುಗುತ್ತದೆ. ಸಾಮಾಯಿಕಕ್ಕೆ ಕುಳಿತರೂ ಬಡ್ಡಿಯೇ ಕಣ್ಣಿಗೆ ಕಟ್ಟುತ್ತದೆ. ಉಪವಾಸದ ಹಸಿವನ್ನು ನಾವು ನಮ್ಮ ಇಚ್ಛೆಯಿಂದ, ನಮ್ಮ ಒಬ್ಬರ ಮೈಗೆ ತಂದುಕೊಳ್ಳುತ್ತೇವೆ; ಅದು ನಿರ್ಜರೆಗೆ ಕಾರಣ. ಸಾಲದ ಹಸಿವನ್ನು ಕೇಳದೆಯೇ ಹೆಂಡತಿ ಮಕ್ಕಳ ಮೇಲೆ ಹೊರಿಸುತ್ತೇವೆ. ಅದು ಬಂಧಕ್ಕೆ ಕಾರಣ. ಚತುರ್ದಶಿಯಂದು ಪ್ರೋಷಧೋಪವಾಸ ಮಾಡುವವನು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ನಾಲ್ಕು ವಿಧದ ಆಹಾರವನ್ನು ಬಿಡುವುದಷ್ಟೇ ಅಲ್ಲ, ಅಲಂಕಾರ, ಗಂಧ, ಪುಷ್ಪಗಳನ್ನೂ ಬಿಡಬೇಕೆಂದು ರತ್ನಕರಂಡಕವು ವಿಧಿಸುತ್ತದೆ. ತಿಂಗಳಿಗೆ ನಾಲ್ಕು ದಿನ ಅಲಂಕಾರವಿಲ್ಲದೆ ಇರಬಲ್ಲೆನೆಂದು ತೋರಿಸಿಕೊಟ್ಟ ಮನುಷ್ಯನು ಮಗಳ ಮದುವೆಯ ಹಂದರಕ್ಕೆ ಮಿತಿ ಹಾಕಲಾರದೆ ಹೊಲ ಅಡವಿಟ್ಟರೆ, ಆ ಉಪವಾಸಗಳು ಹೊಟ್ಟೆಯವರೆಗೆ ಮಾತ್ರ ತಲುಪಿದವೆಂದು ಹೇಳಬೇಕಾಗುತ್ತದೆ.

ಇನ್ನು ಅಹಿಂಸೆಯ ವಿಚಾರ. ಮದುವೆ ಎಂದೊಡನೆ ಜೈನರಾದ ನಮಗೆ ಮೊದಲು ನೆನಪಾಗಬೇಕಾದವರು ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥ ಸ್ವಾಮಿಗಳು. ಉಗ್ರಸೇನನ ಮಗಳಾದ ರಾಜೀಮತಿಯ ಕೈಹಿಡಿಯಲು ದಿಬ್ಬಣದಲ್ಲಿ ಬರುತ್ತಿದ್ದ ಅವರು ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳನ್ನು ಕಂಡರು. ಮದುವೆಯ ಊಟಕ್ಕಾಗಿ ಎಂಬ ಉತ್ತರ ಬಂತು. ರಥವನ್ನು ತಿರುಗಿಸಿ ಊರ್ಜಯಂತಗಿರಿಯನ್ನು ಏರಿದರು. ಆ ವೈರಾಗ್ಯವು ತೀರ್ಥಂಕರರಿಗೆ ಸಲ್ಲುವಂಥದ್ದು. ಗೃಹಸ್ಥರಾದ ನಾವು ರಥವನ್ನು ತಿರುಗಿಸಬೇಕಾಗಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯನ್ನು ನಾವೂ ಕೇಳಬೇಕು: ನನ್ನ ಈ ಸಂಭ್ರಮದ ಬೇಲಿಯೊಳಗೆ ಯಾರು ಸಿಕ್ಕಿಕೊಂಡಿದ್ದಾರೆ?

ನಮ್ಮ ಮದುವೆಗಳಲ್ಲಿ ಮೃಗಗಳನ್ನು ಕೂಡಿಹಾಕುವುದಿಲ್ಲ, ನಿಜ. ಆದರೆ ರಾತ್ರಿಯ ಆರತಕ್ಷತೆಯ ದೀಪಗಳ ಕೆಳಗೆ ಬೆಳಗ್ಗೆ ಹೋಗಿ ನೋಡಿರಿ. ಕಸಬರಿಗೆಯಿಂದ ಗುಡಿಸುವಷ್ಟು ಹುಳುಗಳು ಬಿದ್ದಿರುತ್ತವೆ. ರೇಷ್ಮೆಯ ಗೂಡಿನಿಂದ ಹುಳುವು ಪತಂಗವಾಗಿ ತಾನಾಗಿ ಹೊರಬಂದರೆ ಎಳೆ ತುಂಡಾಗುತ್ತದೆಂದು, ನೂಲು ಬಿಚ್ಚುವ ಮೊದಲೇ ಗೂಡನ್ನು ಬಿಸಿಗೆ ಒಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾರೆ. ಒಂದು ಸೀರೆಗೆ ಅಂತಹ ಸಾವಿರಾರು ಗೂಡುಗಳು. ರೇಷ್ಮೆಯನ್ನು ನಂಬಿ ಬದುಕುವ ರೈತರನ್ನು ನಿಂದಿಸಲೆಂದು ಇದನ್ನು ಹೇಳುತ್ತಿಲ್ಲ. ಪೂಜೆಗೆ ರೇಷ್ಮೆಯುಡುವ ರೂಢಿ ನಮ್ಮಲ್ಲಿಯೂ ಉಂಟು. ರೂಢಿಯೆಂದ ಮಾತ್ರಕ್ಕೆ ವಿಚಾರ ನಿಲ್ಲಬಾರದು. ಆರು ರೇಷ್ಮೆ ಸೀರೆಗಳ ಬದಲು ಕೈಮಗ್ಗದ ಹತ್ತಿಯ ಸೀರೆಗಳನ್ನು ಉಟ್ಟರೆ ಧಾರೆಗೆ ಯಾವ ಕೊರತೆಯೂ ಆಗದು. ಮಧ್ಯಾಹ್ನದ ಊಟದೊಂದಿಗೆ ಮಂಗಲವನ್ನು ಮುಗಿಸಿದರೆ ರಾತ್ರಿಭೋಜನ ತ್ಯಾಗವೂ ಉಳಿಯಿತು, ದೀಪಾಲಂಕಾರದ ಖರ್ಚೂ ಉಳಿಯಿತು. ಇಪ್ಪತ್ತೆರಡು ಬಗೆಯ ಪದಾರ್ಥಗಳ ಬದಲು ಸೋಸಿದ ನೀರಿನಲ್ಲಿ, ಕಂದಮೂಲಗಳಿಲ್ಲದೆ, ಏಳೆಂಟು ಬಗೆಗಳನ್ನು ಶುದ್ಧವಾಗಿ ಮಾಡಿದರೆ ಎಲೆಯಲ್ಲಿ ಚೆಲ್ಲುವ ಅನ್ನವೂ ಕಡಿಮೆಯಾಗುತ್ತದೆ. ಪ್ರಯೋಜನವಿಲ್ಲದ ಹಿಂಸೆಯನ್ನೇ ಶಾಸ್ತ್ರವು ಅನರ್ಥದಂಡವೆಂದು ಕರೆದಿದೆ. ಮದುವೆಯ ಮನೆಯಲ್ಲಿ ಅನರ್ಥದಂಡವನ್ನು ಬಿಡುತ್ತ ಬಂದಂತೆ ಖರ್ಚು ತಾನಾಗಿ ಇಳಿಯುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಖರ್ಚನ್ನು ಇಳಿಸುವುದೆಲ್ಲ ಧರ್ಮವಲ್ಲ. ಅಲಂಕಾರವನ್ನು ಹಾಗೆಯೇ ಇಟ್ಟುಕೊಂಡು, ಬೆವರು ಸುರಿಸುವವರ ಕೂಲಿಯಲ್ಲಿ ಉಳಿತಾಯ ಮಾಡುವವರೂ ಇದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನಪಿಸಿಕೊಳ್ಳಿರಿ. ಅವುಗಳಲ್ಲಿ ಒಂದು ಅತಿಭಾರಾರೋಪಣ, ಶಕ್ತಿಗೆ ಮೀರಿ ಹೊರೆ ಹೊರಿಸುವುದು. ಇನ್ನೊಂದು ಅನ್ನಪಾನನಿರೋಧ, ನಮ್ಮ ಅಧೀನದಲ್ಲಿರುವವರಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡದಿರುವುದು. ಎತ್ತುಗಳ ವಿಷಯದಲ್ಲಿ ಇವನ್ನು ಪಾಲಿಸುವ ನಾವು ಮನುಷ್ಯರ ವಿಷಯದಲ್ಲಿ ಮರೆಯುತ್ತೇವೆ. ನಸುಕಿನ ಮೂರು ಗಂಟೆಗೆ ಒಲೆ ಹೊತ್ತಿಸಿದ ಅಡುಗೆಯವರು, ನಾಲ್ಕು ಪಂಕ್ತಿ ಬಡಿಸಿದ ಹುಡುಗರು, ಎಂಜಲೆಲೆ ಎತ್ತುವ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಉಣ್ಣುತ್ತಾರೆ? ತಳದಲ್ಲಿ ಉಳಿದದ್ದನ್ನೇ? ಪಾತ್ರೆ ತಿಕ್ಕಲು ಬಂದದ್ದು ಶಾಲೆಗೆ ಹೋಗಬೇಕಾದ ಮಗುವೇ? ಒಂದು ಎಲೆಗೆ ಹತ್ತು ರೂಪಾಯಿ ಇಳಿಸೆಂದು ಗುತ್ತಿಗೆದಾರನೊಡನೆ ಚೌಕಾಶಿ ಮಾಡಿದಾಗ ಆ ಹತ್ತು ರೂಪಾಯಿ ಯಾರ ಹೊಟ್ಟೆಯಿಂದ ಬಂತೆಂದು ನಾವು ಕೇಳುವುದಿಲ್ಲ. ಹೂವಿನ ಹಂದರವನ್ನು ಬಿಟ್ಟರೆ ನಮ್ಮ ಇಚ್ಛೆ ಕುಗ್ಗುತ್ತದೆ. ಕೂಲಿಯನ್ನು ಕತ್ತರಿಸಿದರೆ ಪರರ ಅನ್ನ ಕುಗ್ಗುತ್ತದೆ. ಮೊದಲನೆಯದು ವ್ರತ, ಎರಡನೆಯದು ಚೌರ್ಯಕ್ಕೆ ಸಮೀಪವಾದದ್ದು.

ಹಾಗೆಯೇ ರಸೀದಿಯಿಲ್ಲದೆ ಬಂಗಾರ ಕೊಂಡರೆ ತೆರಿಗೆ ಉಳಿಯುತ್ತದೆಂಬ ಸಲಹೆಯೂ ಬರುತ್ತದೆ. ರಾಜ್ಯದ ನಿಯಮವನ್ನು ಮೀರುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೇ ಆಚಾರ್ಯರು ಎಣಿಸಿದ್ದಾರೆ. ಹುಂಡಾ ಎನ್ನಿರಿ, ವರದಕ್ಷಿಣೆ ಎನ್ನಿರಿ, ಅದನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ 1961ರ ವರದಕ್ಷಿಣೆ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಕಾಯಿದೆ ಬಂದು ಆರು ದಶಕಗಳು ಕಳೆದರೂ, 'ಅವರು ಕೇಳಲಿಲ್ಲ, ನಾವೇ ಮರ್ಯಾದೆಗೆ ಕೊಟ್ಟೆವು' ಎಂಬ ಮಾತಿನ ಮರೆಯಲ್ಲಿ ಅದು ನಮ್ಮ ನಡುವೆ ಉಳಿದಿದೆ. ಕೇಳದೆಯೇ ಕೊಡುವಂತೆ ಮಾಡುವ ಮೌನವೂ ಒಂದು ಬೇಡಿಕೆಯೇ. ವರನ ತಂದೆಯಾದವನು ಬಾಯಿ ಬಿಟ್ಟು 'ಬೇಡ' ಎನ್ನುವವರೆಗೆ ಅವನ ವ್ರತ ಪೂರ್ಣವಾಗದು.

ಇಷ್ಟನ್ನೆಲ್ಲ ಹೇಳುವ ಅಧಿಕಾರ ನನಗಿದೆಯೇ? ಇಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಹದಿನೆಂಟು ವರ್ಷಗಳ ಹಿಂದೆ ನನ್ನ ಹಿರಿಯ ಮಗನ ಮದುವೆಯಾಯಿತು. ಆಗ ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಹದಿನಾಲ್ಕನೆಯ ವಯಸ್ಸಿನಿಂದ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದವರು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅಂದು ಬೆಳಗ್ಗೆ ಅರ್ಧ ಲೋಟ ಹಾಲು ಕುಡಿದಿದ್ದರು. ಬ್ಯಾಂಡಿನ ಮೆರವಣಿಗೆ ತಡವಾಯಿತು, ಅಕ್ಷತೆ ತಡವಾಯಿತು, ಆಮೇಲೆ ಫೋಟೋಗಳು. ಮೊಮ್ಮಗನ ಪಂಕ್ತಿಯಲ್ಲಿಯೇ ಉಣ್ಣಬೇಕೆಂದು ಅವರ ಆಸೆ. 'ಇನ್ನೇನು ಆಯಿತು' ಎನ್ನುತ್ತ ಆ ಪಂಕ್ತಿಯನ್ನು ಮುಂದೂಡುತ್ತಲೇ ಹೋದೆವು. ರಾತ್ರಿ ಒಂಬತ್ತು ಗಂಟೆಗೆ ನಾನು ಗುತ್ತಿಗೆದಾರನೊಡನೆ ಎಲೆಗಳ ಲೆಕ್ಕ ಮುಗಿಸಿದೆ. 912 ಎಲೆಗಳು. ತೃಪ್ತಿಯಿಂದ ಒಳಗಿನ ಕೋಣೆಗೆ ಹೋದರೆ ತಾಯಿ ಚಾಪೆಯ ಮೇಲೆ ಮಲಗಿದ್ದರು.

'ಅವ್ವಾ, ಊಟ ಆಯಿತೇನು?' ಎಂದೆ.

'ನಾಳೆ ಹೊತ್ತು ಮೂಡಿದ ಮೇಲೆ ಮಾಡಿದರಾಯಿತು. ಬಂದ ಜನರೆಲ್ಲ ಉಂಡರೇನಪ್ಪಾ?' ಎಂದರು.

912 ಜನರಿಗೆ ಉಣಿಸಿದ ಮನೆಯಲ್ಲಿ, ವ್ರತವನ್ನು ಹಿಡಿದಿದ್ದ ಒಬ್ಬ ಜೀವಕ್ಕೆ ಎಲೆ ಬಿದ್ದಿರಲಿಲ್ಲ. ಅವರು ಬೇಸರಿಸಲಿಲ್ಲ, ನನ್ನ ದೋಷವನ್ನು ತಮ್ಮ ತಪಸ್ಸನ್ನಾಗಿ ಮಾಡಿಕೊಂಡರು. ಆ ಮದುವೆಯ ಸಾಲ ತೀರಲು ಏಳು ವರ್ಷ ಹಿಡಿಯಿತು. ತಾಯಿ ನಾಲ್ಕನೆಯ ವರ್ಷವೇ ತೀರಿಕೊಂಡರು. ಸಾಲ ಮುಗಿಯಿತು, ಆ ಒಂದು ಎಲೆಯ ಋಣ ಮುಗಿಯಲಿಲ್ಲ. ಯಾರ ಮೆಚ್ಚುಗೆಗಾಗಿ ನಾನು ಸಾಲ ಮಾಡಿದ್ದೆನೋ ಅವರಲ್ಲಿ ಒಬ್ಬರಿಗೂ ಇಂದು ಆ ಹಂದರದ ನೆನಪಿಲ್ಲ.

ಹತ್ತನೆಯ ಶತಮಾನದ ಅತ್ತಿಮಬ್ಬೆಯನ್ನು ನಾವು ಇಂದಿಗೂ ದಾನಚಿಂತಾಮಣಿ ಎನ್ನುತ್ತೇವೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾವಿರ ವರ್ಷ ಕಳೆದರೂ ಮರೆತುಹೋಗಿಲ್ಲ. ಆಕೆಯ ಮದುವೆಯಲ್ಲಿ ಎಷ್ಟು ಎಲೆ ಹಾಕಿದರೆಂದು ಯಾರಿಗಾದರೂ ಗೊತ್ತಿದೆಯೇ?

ಇನ್ನು ಆ ಶ್ರಾವಕರು ಕೇಳಿದ ಪ್ರಶ್ನೆಗೆ ಬರೋಣ: ಯಾವ ನೋಂಪಿಯನ್ನು ಹಿಡಿಯಬೇಕು? ನಮ್ಮ ನೋಂಪಿಯ ಕಥೆಗಳನ್ನು ಓದಿದವರಿಗೆಲ್ಲ ಒಂದು ವಿಷಯ ಗೊತ್ತು. ಪ್ರತಿಯೊಂದು ನೋಂಪಿಗೂ ಕಡೆಯಲ್ಲಿ ಉದ್ಯಾಪನೆಯುಂಟು. ಅಭಿಷೇಕ, ಪೂಜೆ, ಸಂಘಕ್ಕೆ ಆಹಾರದಾನ, ಶಾಸ್ತ್ರದಾನ. ಅದಕ್ಕೆ ಹಣ ಬೇಕು. ಬಡವನ ಗತಿಯೇನು? ಸಾಲ ಮಾಡಿ ಉದ್ಯಾಪನೆ ಮಾಡಬೇಕೆಂದು ನಮ್ಮ ಹಿರಿಯರು ವಿಧಿಸಲಿಲ್ಲ. ಉದ್ಯಾಪನೆಗೆ ಶಕ್ತಿಯಿಲ್ಲದವರು ನೋಂಪಿಯನ್ನು ಇಮ್ಮಡಿಯಾಗಿ ಆಚರಿಸಬೇಕೆಂದರು. ಐದು ವರ್ಷದ ವ್ರತವಾದರೆ ಹತ್ತು ವರ್ಷ. ಹಣವಿಲ್ಲದ ಕಡೆ ಹಣವನ್ನು ಕೇಳಲಿಲ್ಲ, ಇರುವ ಶ್ರದ್ಧೆಯನ್ನೇ ಎರಡರಷ್ಟು ಕೇಳಿದರು. ಬಡವನ ವ್ರತವು ಧನಿಕನ ವ್ರತಕ್ಕಿಂತ ಕಿರಿದೆಂದು ಅವರು ಒಪ್ಪಲಿಲ್ಲ.

ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳಿಗೆ ಮಾತ್ರ ಹಿಂದೆ ಒಂದು ವಿಶೇಷಣ ಸೇರಿದೆ: ಶಕ್ತಿತಃ. ಶಕ್ತಿಯನ್ನು ಮರೆಮಾಡದೆ, ಶಕ್ತಿಯನ್ನು ಮೀರದೆ ಎಂದು ಅದರ ತಾತ್ಪರ್ಯ. ಉಳ್ಳವನು ಜಿಪುಣತನವನ್ನು ಸರಳತೆಯೆಂದು ಕರೆದರೆ ಅದು ಶಕ್ತಿಯನ್ನು ಮರೆಮಾಡಿದಂತೆ. ಇಲ್ಲದವನು ಸಾಲವನ್ನು ಮರ್ಯಾದೆಯೆಂದು ಕರೆದರೆ ಅದು ಶಕ್ತಿಯನ್ನು ಮೀರಿದಂತೆ. ಎರಡೂ ಅಳತೆ ತಪ್ಪಿದ ನಡೆಗಳೇ.

ನಾನು ಆ ಶ್ರಾವಕರಿಗೆ ಹೇಳಿದೆ: 'ಹೊಸ ನೋಂಪಿ ಬೇಡ. ಇಚ್ಛಾಪರಿಮಾಣವೇ ನಿಮ್ಮ ನೋಂಪಿ, ಮದುವೆಯೇ ಅದರ ಉದ್ಯಾಪನೆ. 3 ಲಕ್ಷದ ಕೆಳಗೆ ಒಂದು ಗೆರೆ ಎಳೆದು ಜಿನಬಿಂಬದ ಸನ್ನಿಧಿಯಲ್ಲಿ ಸಂಕಲ್ಪ ಮಾಡಿರಿ. ಸಾಲದಷ್ಟು ಹಣಕ್ಕೆ ಬದಲಾಗಿ ಮನೆಯವರ ಮೈಕೈಗಳ ದುಡಿಮೆಯನ್ನು ಇಮ್ಮಡಿ ಮಾಡಿರಿ. ಆದರೆ ಅದಕ್ಕೆ ಮುಂಚೆ ಇಬ್ಬರನ್ನು ಕೇಳಬೇಕು. ಮೊದಲು ಮಗಳನ್ನು, ಆಮೇಲೆ ಬೀಗರನ್ನು.'

ಅವರ ಮುಖ ಬಾಡಿತು. ಮಗಳನ್ನು ಈವರೆಗೆ ಯಾರೂ ಕೇಳಿಯೇ ಇರಲಿಲ್ಲ. ಬೀಗರನ್ನು ಕೇಳಿದರೆ ಸಂಬಂಧವೇ ಮುರಿದೀತೆಂಬ ಭಯ. ಆ ಭಯ ಸುಳ್ಳಲ್ಲ. ಸಂಕಲ್ಪವೆಂಬುದು ಏನನ್ನಾದರೂ ಕಳೆದುಕೊಳ್ಳಲು ಸಿದ್ಧನಾದವನಿಂದ ಮಾತ್ರ ಸಾಧ್ಯ.

ಅಂದು ರಾತ್ರಿ ಮಗಳನ್ನು ಕೂರಿಸಿಕೊಂಡು ಕೇಳಿದರಂತೆ. 'ಅಪ್ಪಾ, ಹೊಲ ಅಡವಿಟ್ಟು ನನ್ನನ್ನು ಕಳಿಸಿದರೆ, ತವರಿಗೆ ಬಂದಾಗ ಆ ಹೊಲದ ಬದುವಿನ ಮೇಲೆ ನಾನು ಹೇಗೆ ನಡೆಯಲಿ? ನನಗೆ ಬೇಕಾದದ್ದು ಒಂದೇ. ನನ್ನ ಜೊತೆ ಓದಿದ ಹದಿನಾಲ್ಕು ಮಂದಿ ಗೆಳತಿಯರನ್ನು ಕರೆಯಿರಿ' ಎಂದಳಂತೆ. 800 ಜನರ ಪಟ್ಟಿಯಲ್ಲಿ ಆ ಹದಿನಾಲ್ಕು ಹೆಸರುಗಳು ಇರಲಿಲ್ಲ!

ಮರುವಾರ ಬೀಗರ ಮನೆಗೆ ಹೋದರು. ಕೈಯಲ್ಲಿ ಅದೇ ಪುಸ್ತಕ. ವರನ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ವರನ ತಾಯಿಯೇ ಒಳಗಿನಿಂದ ಬಂದು, 'ಅಣ್ಣಾ, ಎರಡು ವರ್ಷದ ಹಿಂದೆ ನಮ್ಮ ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ಅರ್ಧ ಉಳಿದಿದೆ. ನೀವು ಏನು ಅಂದುಕೊಳ್ಳುತ್ತೀರೋ ಎಂದು ನಾವೂ ಬ್ಯಾಂಡು ಬಾಜಿಗೆ ಮತ್ತೆ ಸಾಲ ಕೇಳಿಟ್ಟಿದ್ದೇವೆ' ಎಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೆದರಿದ್ದರು. ಹೆದರಿಸುವವರು ಮಾತ್ರ ಯಾರೂ ಇರಲಿಲ್ಲ.

ಮದುವೆಯು ಬಸದಿಯ ಪಕ್ಕದ ಸಭಾಗೃಹದಲ್ಲಿ, ಹಗಲಿನಲ್ಲಿ, 250 ಜನರ ಸಮ್ಮುಖದಲ್ಲಿ ನಡೆಯಿತು. ಎರಡೂ ಮನೆಯ ಹೆಂಗಸರು ಹಿಂದಿನ ದಿನವೇ ಕೂಡಿ ಬೇಳೆ ಅಕ್ಕಿಗಳನ್ನು ಹಸನು ಮಾಡಿದರು. ನೀರು ಸೋಸುವ ಕೆಲಸವನ್ನು ತರುಣರು ವಹಿಸಿಕೊಂಡರು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟರು. ಅಡುಗೆಯವರಿಗೆ ಕೇಳಿದ ಕೂಲಿಯನ್ನೇ ಕೊಟ್ಟರು. ಮೊದಲ ಪಂಕ್ತಿಯಲ್ಲಿ ಏಕಾಶನ ವ್ರತದವರು ಮತ್ತು ವೃದ್ಧರು ಕುಳಿತರು, ಮೂರನೆಯದರಲ್ಲಿ ಅಡುಗೆಯವರು ಮತ್ತು ಎಲೆ ಎತ್ತುವವರು. ಎಲ್ಲರೂ ಮೆಚ್ಚಿದರೆಂದು ಹೇಳಲಾರೆ. ಷಡ್ಡಕನ ಮನೆಯವರು ಊಟಕ್ಕೆ ನಿಲ್ಲದೆ ಹೋದರು. ಆ ಶ್ರಾವಕರಿಗೆ ಅದು ನೋವಾಯಿತು. ಆ ನೋವನ್ನೂ ಅವರು ವ್ರತದ ಭಾಗವೆಂದೇ ತಿಳಿದರು. ಹೊಲದಲ್ಲಿ ಈ ವರ್ಷ ಕಡಲೆ ಬಿತ್ತಿದ್ದಾರೆ. ಹೊಲ ಅವರದೇ.

ಬಂಧುಗಳೇ, ಒಬ್ಬರೇ ನಿಲ್ಲುವುದು ಕಷ್ಟ. ಸಂಘವು ಜೊತೆಗೆ ನಿಂತರೆ ಸುಲಭ. 1972ರಿಂದ ಧರ್ಮಸ್ಥಳ ಕ್ಷೇತ್ರದಲ್ಲಿ ನಡೆದುಬಂದಿರುವ ಸಾಮೂಹಿಕ ವಿವಾಹಗಳು ಎಷ್ಟೋ ಸಾವಿರ ಮನೆಗಳನ್ನು ಸಾಲದಿಂದ ಉಳಿಸಿವೆ. ಅಂತಹ ಪಂಕ್ತಿಯಲ್ಲಿ ಮಗಳನ್ನು ಧಾರೆಯೆರೆಯುವುದು ಅಗೌರವವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅಗೌರವವಿರುವುದು ಅಲ್ಲಿ ಅಲ್ಲ, ಮಗಳ ಹೆಸರಿನಲ್ಲಿ ಮಾಡಿದ ಸಾಲವನ್ನು ಮಗನ ತಲೆಗೆ ಕಟ್ಟುವುದರಲ್ಲಿದೆ. ಮುಖ್ಯವಾಗಿ ಉಳ್ಳವರಲ್ಲಿ ನನ್ನ ಪ್ರಾರ್ಥನೆ: ನೀವು ಮೊದಲು ಗೆರೆ ಎಳೆಯಿರಿ. ನಿಮ್ಮ ಹಂದರದ ಬೆರಗು ಬಡವನ ಮನೆಯ ಅಡವಾಗುತ್ತದೆ. ಉಳಿದದ್ದನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕಾದರೂ ಮಗಳ ಹೆಸರಿನಲ್ಲಿ ಸಲ್ಲಿಸಿರಿ. ಶಕ್ತಿಯನ್ನು ಮರೆಮಾಡಿದ ದೋಷವೂ ನಿಮಗೆ ತಟ್ಟದು.

ಮುಂದಿನ ಅಷ್ಟಮಿಯ ಉಪವಾಸದ ದಿನ, ಮದುವೆಯ ಯೋಗ ಕೂಡಿಬಂದಿರುವ ಪ್ರತಿಯೊಂದು ಮನೆಯವರೂ ತಮ್ಮ ಖರ್ಚಿನ ಪುಸ್ತಕವನ್ನು ದೇವರ ಮುಂದಿಟ್ಟು ಸಾಮಾಯಿಕಕ್ಕೆ ಕುಳಿತುಕೊಳ್ಳಿರಿ. ಎದ್ದ ಮೇಲೆ ಲೇಖನಿ ಹಿಡಿದು ಗೆರೆ ಎಳೆಯಿರಿ. ಆಮೇಲೆ ಮನೆಯಲ್ಲಿ ವ್ರತ ಹಿಡಿದ ಹಿರಿಯರು ಯಾರಿದ್ದಾರೆಂದು ನೋಡಿ, ಮೊದಲ ಎಲೆಯನ್ನು ಅವರ ಹೆಸರಿಗೆ ಬರೆದಿಡಿರಿ.

ಎಲ್ಲರಿಗೂ ಸನ್ಮಂಗಲವಾಗಲಿ. ಜಿನಶಾಸನವು ವರ್ಧಿಸಲಿ.